ಮೂಗಿನ ನೇರಕ್ಕೊಂದು ವಿದೇಶ ಪ್ರವಾಸ

ಆ ವರ್ಷ ಲೋಕವೆಲ್ಲ ಮೂಗು ಮುಚ್ಚಿಕೊಂಡು ಓಡಾಡುತ್ತಿತ್ತು. ನಾನೊಬ್ಬ ಮಾತ್ರ ಮೂಗು ಮೇಲೆತ್ತಿ ಘೋಷಿಸಿದೆ: "ಏನೇ ಆಗಲಿ, ಈ ಬೇಸಿಗೆಗೆ ನಾವು ಮೂವರೂ ವಿದೇಶಕ್ಕೆ ಹೋಗೋದೇ ಸೈ! ವೈರಸ್ಸೇ ಬಂದು ಬಾಗಿಲಿಗೆ ಅಡ್ಡ ನಿಂತರೂ ಸರಿ!"

ನನ್ನ ಮೂಗಿನ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಸೋಪಿನ ಕಾರ್ಖಾನೆಯಲ್ಲಿ ಪರಿಮಳ ಪರೀಕ್ಷಕ. ಇಪ್ಪತ್ತೆರಡು ವರ್ಷದಿಂದ ನನ್ನ ಮೂಗಿನ ಅಪ್ಪಣೆಯಿಲ್ಲದೆ ಅಲ್ಲಿಂದ ಒಂದು ಸೋಪೂ ಹೊರಗೆ ಬಿದ್ದಿಲ್ಲ. ಗುಲಾಬಿ ಎಣ್ಣೆಯಲ್ಲಿ ಕಲಬೆರಕೆ ಇದ್ದರೆ ನಾನು ಡಬ್ಬದ ಮುಚ್ಚಳ ತೆಗೆಯುವ ಮೊದಲೇ ಹೇಳಿಬಿಡುತ್ತೇನೆ ಎಂಬ ಪ್ರತೀತಿ ಇದೆ. ಆ ಪ್ರತೀತಿ ಹುಟ್ಟಿಸಿದವನೂ ನಾನೇ! ಸಹೋದ್ಯೋಗಿಗಳು ನನ್ನನ್ನು ಕರೆಯುವುದೇ 'ಮೂಗು' ಎಂದು. "ಮೂಗು ಬಂತಾ?" "ಮೂಗು ಊಟಕ್ಕೆ ಹೋಗಿದೆ." ನನಗೇನೂ ಬೇಸರವಿಲ್ಲ. ಕೈಕಾಲು, ಹೊಟ್ಟೆ, ತಲೆ ಇವೆಲ್ಲ ಆ ಮೂಗನ್ನು ಕಾರ್ಖಾನೆಗೆ ಹೊತ್ತುಕೊಂಡು ಹೋಗಲು ಇರುವ ಏರ್ಪಾಡು ಎಂದೇ ನಾನೂ ತಿಳಿದಿದ್ದೆ.

ವಿದೇಶದ ಹುಚ್ಚು ಹಳೆಯದು. ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಜೇಬಿನಲ್ಲಿ ಪುಟ್ಟ ಶೀಶೆ ತಂದು ಹೆಂಡತಿಯ ಮೂಗಿನ ಕೆಳಗೆ ಹಿಡಿದಿದ್ದೆ. ಲ್ಯಾವೆಂಡರ್ ಹೂವಿನ ಎಣ್ಣೆ. ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಂಡವಳು ಬಹಳ ಹೊತ್ತು ಕಣ್ಣು ತೆರೆಯಲೇ ಇಲ್ಲ. ಆ ಮುಖ ನೋಡಿದ ಭರದಲ್ಲಿ ಮಾತು ಕೊಟ್ಟುಬಿಟ್ಟೆ: "ಇದು ಬರೀ ಶೀಶೆ ಕಣೇ! ಈ ಹೂವನ್ನ ಎಕರೆಗಟ್ಟಲೆ ಬೆಳೆಯೋ ದೇಶ ಇದೆ. ಅಲ್ಲಿಗೆ ಕರ್ಕೊಂಡು ಹೋಗಿ ಹೊಲದ ಮಧ್ಯ ನಿಲ್ಲಿಸ್ತೀನಿ. ಆಗ ನಿನ್ನ ಮುಖ ನೋಡ್ಬೇಕು ನಾನು!" ಆಮೇಲೆ ಮಗಳು ಹುಟ್ಟಿದಳು, ಮನೆ ಕಟ್ಟಿದೆವು, ಹತ್ತೊಂಬತ್ತು ವರ್ಷ ಕಳೆದವು. ಕೊಟ್ಟ ಮಾತು ಮಾತ್ರ ಕೊಟ್ಟಲ್ಲೇ ಇತ್ತು.

ಈಗ ಆ ದೇಶ ಅರ್ಧ ಬಾಗಿಲು ತೆರೆದಿತ್ತು. ಹೊರಡುವ ಮುಂಚಿನ ಮೂರು ದಿನದೊಳಗೆ ವೈರಸ್ ಪರೀಕ್ಷೆ, ಹತ್ತು ಪುಟದ ಫಾರ್ಮು, ವಾಪಸು ಬಂದ ಮೇಲೆ ಏಳು ದಿನ ಕೋಣೆಯಲ್ಲಿ ಬಂಧನ. ಪ್ರವಾಸ ಏಜೆನ್ಸಿಯ ಹುಡುಗಿ ಫೋನಿನಲ್ಲಿ ಹೇಳಿದಳು: "ಹೂವು ಇರೋದು ಇನ್ನು ಐದೇ ವಾರ ಸರ್. ಮೂರು ಸೀಟು ಹಿಡಿದಿಟ್ಟಿದೀನಿ. ಭಾನುವಾರ ಸಂಜೆ ಆರರೊಳಗೆ ಹೂಂ ಅನ್ನಿ, ಇಲ್ಲಾ ಊಹೂಂ ಅನ್ನಿ."

ಮನೆಯಲ್ಲಿ ಮಹಾ ಅಧಿವೇಶನ ಸೇರಿತು. ನನ್ನ ಹೆಂಡತಿ ಹೈಸ್ಕೂಲಿನ ಗಣಿತದ ಟೀಚರ್. ಅವಳೆದುರು ಉತ್ಸಾಹಕ್ಕೆ ಅಂಕ ಇಲ್ಲ, ಲೆಕ್ಕ ತಾಳೆಯಾಗಬೇಕು.

"ಹೋಗೋದು ಸರಿ ರೀ. ಅಲ್ಲಿ ಹೂವು ನೋಡೋದು ಎಷ್ಟು ದಿನ?"

"ಐದು."

"ಬಂದ್ಮೇಲೆ ಕೂಡಿ ಹಾಕೋದು?"

"ಏಳು."

"ಐದು ದಿನದ ಖುಷಿಗೆ ಏಳು ದಿನ ಜೈಲು! ನನ್ನ ಎಂಟನೇ ಕ್ಲಾಸಿನ ಮಕ್ಕಳಿಗೆ ಈ ಲೆಕ್ಕ ಕೊಟ್ಟರೂ ಬೇಡ ಅಂತಾವೆ."

ಹದಿನೈದು ವರ್ಷದ ಮಗಳು ಫೋನಿನಿಂದ ತಲೆಯೆತ್ತಿದಳು. "ಅಪ್ಪ, ಆ ದೇಶದವರು ವೈರಸ್ ಲೆಕ್ಕ ನೋಡಿ ಬಣ್ಣದ ಪಟ್ಟಿ ಮಾಡಿದಾರೆ. ಬೆಳಿಗ್ಗೆ ನಾವು ಹಳದಿ ಪಟ್ಟಿಯಲ್ಲಿದ್ವಿ. ಈಗ ಕಿತ್ತಳೆ ಪಟ್ಟಿಗೆ ಹಾಕಿದಾರೆ."

"ಹಣ್ಣಾಗ್ತಾ ಇದೀವಿ ಬಿಡು!"

"ಇನ್ನೊಂದು ಬಣ್ಣ ಬದಲಾದ್ರೆ ಕೆಂಪು. ಆಗ ವಿಮಾನಕ್ಕೇ ಹತ್ತಿಸಲ್ಲ."

"ಅದಕ್ಕೇ ಬೇಗ ಹೊರಡೋಣ ಅಂತಿರೋದು! ಏನೇ, ನಿನಗೆ ಇಷ್ಟ ಇದೆಯೋ ಇಲ್ವೋ?"

ಹೆಂಡತಿ ಫಾರ್ಮಿನ ಪುಟ ತಿರುವಿದಳು. "ನಿಮಗೆ ಅಷ್ಟು ಆಸೆ ಇದ್ರೆ ಹೋಗೋಣ," ಎಂದಳು. ಅದನ್ನು ನಾನು ನನ್ನ ಮೂಗಿನ ನೇರಕ್ಕೇ 'ಹೂಂ' ಎಂದು ಬರೆದುಕೊಂಡೆ.

ಅಡ್ಡಿಯಿದ್ದದ್ದು ಫಾರ್ಮಿನ ಏಳನೇ ಪ್ರಶ್ನೆಯಲ್ಲಿ: 'ವಾಸನೆ ಗ್ರಹಿಸುವ ಶಕ್ತಿ ಕುಂದಿದೆಯೇ?' ಎರಡು ತಿಂಗಳ ಹಿಂದೆ ಹೆಂಡತಿಗೆ ಅದೇ ಜ್ವರ ಬಂದಿತ್ತು. ಹತ್ತು ದಿನ ಮಹಡಿಯ ಕೋಣೆಯಲ್ಲಿದ್ದಳು, ನಾವು ಮೆಟ್ಟಿಲ ಮೇಲೆ ತಟ್ಟೆ ಇಟ್ಟು ಓಡಿಬರುತ್ತಿದ್ದೆವು. ಆಮೇಲೆ ಡಾಕ್ಟರು ಎಲ್ಲ ಸರಿಯಾಗಿದೆ ಎಂದಿದ್ದರು, ಅವಳೂ ಹಾಗೇ ಎಂದಿದ್ದಳು. ಆದರೂ ಮೂಗಿನ ವಿಚಾರದಲ್ಲಿ ಮೂಗಿಗಿಂತ ದೊಡ್ಡ ಅಧಿಕಾರಿ ಯಾರು? ಮನೆಯಲ್ಲೇ ಪರೀಕ್ಷಾ ಕೇಂದ್ರ ತೆರೆದೆ!

ದಿನಾ ಬೆಳಿಗ್ಗೆ ನನ್ನ ಕಪಾಟಿನಿಂದ ಎಂಟು ಶೀಶೆ ತಂದು ಊಟದ ಮೇಜಿನ ಮೇಲೆ ಸಾಲಾಗಿ ಇಡುವುದು, ಕಣ್ಣಿಗೆ ಟವೆಲು ಕಟ್ಟುವುದು, ಒಂದೊಂದಾಗಿ ಮೂಸಿಸುವುದು. ಮಗಳಿಗೆ ಎಂಟಕ್ಕೆ ನಾಲ್ಕು. ಹೆಂಡತಿಗೆ? ಎಂಟಕ್ಕೆ ಎಂಟು! "ಗುಲಾಬಿ. ನಿಂಬೆ. ಪುದೀನ. ಲವಂಗ..." ಮಗ್ಗಿ ಒಪ್ಪಿಸಿದಂತೆ ಹೇಳಿಬಿಡುತ್ತಿದ್ದಳು. ನನಗೆ ನೆಲ ಕಾಣದಾಯಿತು. ನಾನು ನಿವೃತ್ತನಾದರೆ ಆ ಕುರ್ಚಿಗೆ ನನ್ನ ಹೆಂಡತಿಯೇ ತಕ್ಕವಳು ಎಂದು ಕಾರ್ಖಾನೆಯಲ್ಲೂ ಸಾರಿದೆ.

"ಅಪ್ಪ, ಅಮ್ಮ ಮೂಸೋ ಮೊದಲೇ ಉತ್ತರ ಹೇಳ್ತಾಳೆ," ಎಂದಳು ಮಗಳು.

"ಪ್ರತಿಭೆ ಅಂದ್ರೆ ಅದೇ ಕಣೇ!" ಎಂದು ಗದರಿದೆ.

ಶನಿವಾರ ಕೆಲಸದಿಂದ ಬರುವಾಗ ಗೇಟಿನಲ್ಲೇ ಹಾಲು ಸೀದ ವಾಸನೆ. ಓಡಿ ಒಳಗೆ ಹೋದರೆ ಪಾತ್ರೆ ಕರಕಲು! ಹೆಂಡತಿ ಒಲೆಯಿಂದ ಎರಡೇ ಅಡಿ ದೂರದಲ್ಲಿ ಬೆನ್ನು ಹಾಕಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದಾಳೆ. "ಅಯ್ಯೋ, ಇದರಲ್ಲೇ ಮುಳುಗಿಹೋಗಿದ್ದೆ ರೀ," ಎಂದಳು. ಗೇಟಿನಿಂದಲೇ ವಾಸನೆ ಹಿಡಿದ ನನ್ನ ಮೂಗನ್ನು ನಾನೇ ಹತ್ತು ನಿಮಿಷ ಹೊಗಳಿಕೊಂಡು, ಪಾತ್ರೆ ನೀರಿಗೆ ಹಾಕಿದೆ. ಮುಂದಿನದನ್ನು ಯೋಚಿಸುವ ಕೆಲಸ ಮೂಗಿನದಲ್ಲವಲ್ಲ!

ಭಾನುವಾರ ಬಂತು. ಸಂಜೆ ಐದು ಗಂಟೆ. ಏಜೆನ್ಸಿಗೆ ಹೂಂ ಎನ್ನುವ ಮೊದಲು ಒಂದು ಅಂತಿಮ ಪರೀಕ್ಷೆ ಆಗಲಿ ಎಂದು ಕಾರ್ಖಾನೆಯಿಂದ ಏನೂ ಬೆರೆಸದ ಕಸ್ತೂರಿಯ ಮೂಲದ್ರವ ತಂದಿದ್ದೆ. ಸಾವಿರ ಸೋಪಿಗೆ ಒಂದು ತೊಟ್ಟು ಸಾಕು. ನನ್ನ ಕೈಯಲ್ಲಿದ್ದದ್ದು ಇಡೀ ಶೀಶೆ! ಹೆಂಡತಿ ಮಹಡಿಯಲ್ಲಿ ಫೋನು ಎದುರಿಟ್ಟುಕೊಂಡು ಮಕ್ಕಳಿಗೆ ವಿಶೇಷ ತರಗತಿ ತೆಗೆದುಕೊಳ್ಳುತ್ತಿದ್ದಳು. ಬಿರಡೆ ಬಿಗಿಯಾಗಿತ್ತು. ಎಳೆದೆ. ಬರಲಿಲ್ಲ. ಮೊಣಕಾಲ ಮಧ್ಯೆ ಸಿಕ್ಕಿಸಿಕೊಂಡು ಶಕ್ತಿಯೆಲ್ಲ ಬಿಟ್ಟು ಎಳೆದೆ. ಬಿರಡೆ ನನ್ನ ಕೈಗೆ ಬಂತು, ಶೀಶೆ ನೆಲಕ್ಕೆ ಹೋಯಿತು!

ಢಮಾರ್!

ಕಣ್ಣಲ್ಲಿ ಧಾರಾಕಾರ ನೀರು. ಮಗಳು "ಅಪ್ಪಾ!" ಎಂದು ಕಿರುಚಿ ಬರಿಗಾಲಲ್ಲಿ ಬೀದಿಗೆ ಹಾರಿದಳು. ನಾನು ಬುದ್ಧಿವಂತಿಕೆಯಿಂದ ಫ್ಯಾನು ಹಾಕಿ ಅವಳ ಹಿಂದೆಯೇ ಓಡಿದೆ. ಮನೆಯೊಳಗಿದ್ದ ಘಾಟು ಕಿಟಕಿಗಳಿಂದ ಮೆರವಣಿಗೆ ಹೊರಟಿತು! ಎದುರುಮನೆಯ ಕಿಟಕಿಗಳು ಪಟಪಟನೆ ಮುಚ್ಚಿದವು. ಪಕ್ಕದ ಮನೆಯ ನಿವೃತ್ತ ಸ್ಟೇಷನ್ ಮಾಸ್ಟರು ಮಾಸ್ಕಿನ ಮೇಲೆ ಮಾಸ್ಕು ಹಾಕಿಕೊಂಡು ಹೊರಗೆ ಬಂದರು.

"ಏನು ಸ್ವಾಮಿ ಸೋರ್ತಾ ಇರೋದು ನಿಮ್ಮ ಮನೇಲಿ?"

"ಪರಿಮಳ ಸಾರ್!"

"ಇದು ಪರಿಮಳಾನಾ? ನಾನಾಗಲೇ ಆರೋಗ್ಯ ಇಲಾಖೆಗೆ ಫೋನ್ ಮಾಡಿ ಆಯ್ತು!"

ಹತ್ತೇ ನಿಮಿಷದಲ್ಲಿ ವ್ಯಾನು ಬಂತು. ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಟ್ಟ ಇಬ್ಬರು ಬೆನ್ನಿಗೆ ಔಷಧಿಯ ಡಬ್ಬ ಕಟ್ಟಿಕೊಂಡು ಇಳಿದರು. ಹಿರಿಯವನು ಬಾಗಿಲವರೆಗೆ ಹೋಗಿ, ಒಂದು ಸಲ ಉಸಿರೆಳೆದು, ಹಾಗೇ ಹಿಂದಕ್ಕೆ ಬಂದ. "ನಾವೇನೂ ಹೊಡೆಯೋದು ಬೇಡ ಸರ್. ಒಳಗೆ ವೈರಸ್ ಇದ್ದಿದ್ರೂ ಇಷ್ಟೊತ್ತಿಗೆ ಸತ್ತಿರುತ್ತೆ."

ಆಗ ನನಗೆ ನೆನಪಾಯಿತು. "ನನ್ನ ಹೆಂಡತಿ! ಒಳಗೇ ಇದ್ದಾಳೆ!"

ಮೂರ್ಛೆ ಹೋಗಿದ್ದಾಳೋ ಏನೋ ಎಂದು ಕರವಸ್ತ್ರ ಕಟ್ಟಿಕೊಂಡು ನುಗ್ಗಿದೆ. ಅಷ್ಟರಲ್ಲಿ ಬಾಗಿಲಲ್ಲಿ ಅವಳೇ ಕಾಣಿಸಿಕೊಂಡಳು. ಮುಡಿಯಲ್ಲಿ ಪೆನ್ನು, ಕೈಯಲ್ಲಿ ಪುಸ್ತಕ, ಮುಖದ ಮೇಲೆ ಮಾಸ್ಕೂ ಇಲ್ಲ. ಆ ಕೋಣೆಯನ್ನೇ ಹಾದು ಬಂದಿದ್ದಳು, ಒಂದು ಸೀನೂ ಇಲ್ಲ!

"ಏನ್ರೀ, ಎಲ್ಲರೂ ಬೀದೀಲಿ ಯಾಕೆ ನಿಂತಿದೀರಿ? ಒಳಗೆ ಗಾಜು ಒಡೆದು ನೀರು ಚೆಲ್ಲಿದೆ. ಒರೆಸಬಾರದಾ?"

ನೀರು! ಮೂಗಿನ ಮೇಲಿದ್ದ ಕೈ ತೆಗೆಯದೆ ಎಲ್ಲರೂ ಅವಳನ್ನೇ ನೋಡಿದರು. ನನಗೆ ಒಂದೇ ಏಟಿಗೆ ಎಲ್ಲವೂ ತಿಳಿಯಿತು. ಕಾರ್ಖಾನೆಯ ಮೂಗು ಅಲ್ಲಿ ಬರೀ ಮೂಗನಾಗಿ ನಿಂತಿತು. ಅವಳಿಗೂ ನಮ್ಮ ಮುಖಗಳನ್ನು ನೋಡಿ ತಿಳಿಯಿತು. ನಿಧಾನವಾಗಿ ಮೆಟ್ಟಿಲ ಮೇಲೆ ಕುಳಿತಳು.

"ಯಾವಾಗಿಂದ?" ಎಂದೆ.

"ಜ್ವರ ಬಂದಾಗಿಂದ."

"ಮತ್ತೆ ಎಂಟಕ್ಕೆ ಎಂಟು?"

"ನೀವು ಶೀಶೆಗಳನ್ನ ಕಪಾಟಿನಲ್ಲಿರೋ ಸಾಲಿನಲ್ಲೇ ಮೇಜಿನ ಮೇಲೆ ಇಡ್ತೀರಿ. ಆ ಕಪಾಟಿನ ಧೂಳು ಹೊಡೀತಿರೋಳು ಯಾರು?"

"ಹೇಳೋದಲ್ವೇನೇ ನನಗೆ!"

"ಹೇಗೆ ಹೇಳ್ಲಿ? ಹೊಲದ ಮಧ್ಯ ನಿಲ್ಲಿಸಿ ನನ್ನ ಮುಖ ನೋಡ್ಬೇಕು ಅಂತ ಕಾಯ್ತಾ ಇದ್ರಿ. ಕಣ್ಣು ಮುಚ್ಚಿ ಜೋರಾಗಿ ಉಸಿರೆಳ್ಕೊಂಡ್ರೆ ಆಯ್ತಲ್ಲ, ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡೆ. ಕನ್ನಡಿ ಮುಂದೆ ಅಭ್ಯಾಸಾನೂ ಮಾಡಿದೀನಿ. ನೋಡಿ, ಹೀಗೆ." ಕಣ್ಣು ಮುಚ್ಚಿ ಮಾಡಿ ತೋರಿಸಿದಳು.

ನನಗೆ ನೋಡಲಾಗಲಿಲ್ಲ. ಅಳು ಬಂದುಬಿಟ್ಟಿತು. ಸ್ಟೇಷನ್ ಮಾಸ್ಟರು ದೂರದಿಂದಲೇ "ಘಾಟು ಸ್ವಾಮಿ, ಕಣ್ಣು ತೊಳ್ಕೊಳ್ಳಿ," ಎಂದರು. ಹೌದು ಸಾರ್, ಘಾಟು ಎಂದೆ. ಎಂಟು ಶೀಶೆ ಎದುರಿಗಿಟ್ಟುಕೊಂಡು ಒಂದು ವಾರ ಅವಳನ್ನು ಕೂರಿಸಿದ್ದೆ, ಪಕ್ಕದಲ್ಲೇ ಇದ್ದವಳ ಕಷ್ಟದ ಗಂಧಗಾಳಿಯೂ ನನಗಿರಲಿಲ್ಲ!

"ಊಟ ಮಾಡಿದ್ರೆ ಕಾಗದ ಅಗಿದ ಹಾಗಿರುತ್ತೆ ರೀ. ವಾಸನೆ ಇನ್ನು ಬರದೇ ಹೋದ್ರೆ ಏನು ಮಾಡ್ಲಿ?" ಎಂದಳು, ಬಹಳ ಮೆಲ್ಲಗೆ. ಮಗಳು ಬಂದು ಅವಳ ಭುಜಕ್ಕೆ ಒರಗಿ ಕುಳಿತಳು.

ಅಷ್ಟರಲ್ಲಿ ಫೋನು. ಆರು ಗಂಟೆ. "ಸರ್, ಹೂಂ ನಾ, ಊಹೂಂ ನಾ?"

"ಊಹೂಂ," ಎಂದೆ. ಬದುಕಿನಲ್ಲಿ ಅಷ್ಟು ಸಲೀಸಾಗಿ ಯಾವ ತೀರ್ಮಾನವನ್ನೂ ನಾನು ಮಾಡಿರಲಿಲ್ಲ.

ಡಾಕ್ಟರು ಧೈರ್ಯ ಹೇಳಿದರು. ಪರಿಚಯದ ವಾಸನೆಗಳನ್ನು ಬೆಳಿಗ್ಗೆ ಸಂಜೆ ತಪ್ಪದೆ ಮೂಸಬೇಕು, ಮೂಸುವಾಗ ಅದರ ನೆನಪು ಮಾಡಿಕೊಳ್ಳಬೇಕು, ನಿಧಾನವಾಗಿ ಬರಬಹುದು ಎಂದರು. ಬರಬಹುದು! ಆ ಪದದ ಮೇಲೆ ನಮ್ಮ ಸಂಸಾರ ನಿಂತಿತು. ಮತ್ತೆ ಪರೀಕ್ಷಾ ಕೇಂದ್ರ ತೆರೆಯಿತು. ಈ ಸಲ ಶೀಶೆಗಳ ಸಾಲು ದಿನಾ ತಿರುವುಮುರುವು. ಹೆಂಡತಿಗೆ ಎಂಟಕ್ಕೆ ಸೊನ್ನೆ. ಮಾರನೆಯ ದಿನವೂ ಸೊನ್ನೆ. "ಮೇಷ್ಟ್ರೇ, ಫೇಲ್ ಮಾಡಬೇಡಿ," ಎಂದು ಅವಳು ನಗುತ್ತಿದ್ದಳು. ನಾನು ಮುಖ ಆ ಕಡೆ ತಿರುಗಿಸಿ ಬಿರಡೆ ಮುಚ್ಚುತ್ತಿದ್ದೆ. ಐದು ವಾರ ಕಳೆಯಿತು, ಆ ದೇಶದ ಹೂವೆಲ್ಲ ಕೊಯ್ಲಾಗಿಹೋಯಿತು, ನಾವು ಕೆಂಪು ಪಟ್ಟಿಗೂ ಸೇರಿದೆವು. ಯಾರಿಗೂ ಅದರ ಕಡೆ ಲಕ್ಷ್ಯವೇ ಇರಲಿಲ್ಲ.

ಹತ್ತನೆಯ ವಾರವೋ ಏನೋ. ಒಂದು ಸಂಜೆ ಕಾರ್ಖಾನೆಯಿಂದ ಬಸ್ಸು ಸಿಗದೆ ನಡೆದೇ ಬಂದು, ಏದುಸಿರು ಬಿಡುತ್ತ ಹೆಂಡತಿಯ ಪಕ್ಕ ಕುಕ್ಕರಿಸಿದೆ. ಅವಳು ಉತ್ತರಪತ್ರಿಕೆ ತಿದ್ದುತ್ತಿದ್ದಳು. ಕೆಂಪು ಪೆನ್ನು ನಿಂತಿತು. ಹುಬ್ಬು ಗಂಟಾಯಿತು. ನನ್ನ ಕಡೆ ತಿರುಗಿದಳು, ಇನ್ನಷ್ಟು ಹತ್ತಿರ ಬಂದಳು, ಥಟ್ಟನೆ ಹಿಂದೆ ಸರಿದಳು.

"ಥೂ! ಏನ್ರೀ ಇದು ನಾತ!"

"ಏನಂದೆ?"

"ಬೆವರು ನಾತ ರೀ! ನಿಮ್ಮದೇ!"

ಇಪ್ಪತ್ತೆರಡು ವರ್ಷ ಲೋಕಕ್ಕೆಲ್ಲ ಪರಿಮಳ ಹಂಚಿದ ಮಹಾಪುರುಷನಿಗೆ ಸಿಕ್ಕ ಬಿರುದು ಇದು! ನಾನು ಎದ್ದು ಕುಣಿದುಬಿಟ್ಟೆ. "ಇನ್ನೊಂದು ಸಲ ಹೇಳೇ!"

"ನಾತ!"

"ಮಗಳೇ, ಬೇಗ ಬಾ! ಅಮ್ಮಂಗೆ ನಾನು ನಾರೋದು ಗೊತ್ತಾಗ್ತಾ ಇದೆ!"

ಮಗಳು ಓಡಿಬಂದಳು. ಹೆಂಡತಿ ಅವಳನ್ನು ಎಳೆದು ಅಪ್ಪಿ, ನೆತ್ತಿಗೆ ಮೂಗು ಒತ್ತಿ, ಬಹಳ ಹೊತ್ತು ಹಾಗೇ ಇದ್ದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಕೊನೆಗೆ, "ತಲೆಗೆ ನೀರು ಹಾಕ್ಕೊಂಡು ಎಷ್ಟು ದಿನ ಆಯ್ತೇ ನೀನು?" ಎಂದಳು. ಮೂವರೂ ಅಳುತ್ತ ನಕ್ಕೆವು.

ನನಗೆ ಮತ್ತೆ ಆವೇಶ ಬಂತು. "ಇನ್ನು ನಮ್ಮನ್ನ ಹಿಡಿಯೋರೇ ಇಲ್ಲ! ಈ ಕೆಂಪು ಪಟ್ಟಿ ಒಂದು ತೆಗೀಲಿ, ನಿನ್ನ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗ್ತೀನಿ! ಹೇಳು, ಎಲ್ಲಿಗೆ ಹೋಗೋಣ?"

ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡು, ಹಾಗೇ ಮೂಗನ್ನೂ ಮುಚ್ಚಿಕೊಂಡಳು.

"ಸದ್ಯಕ್ಕೆ ನೀವೊಬ್ಬರೇ ಬಚ್ಚಲುಮನೆಗೆ ಹೋಗಿ ಬನ್ನಿ. ಅಲ್ಲಿ ಸೋಪು ಅಂತ ಒಂದು ವಸ್ತು ಇರುತ್ತೆ!"