ಮುಸುಕಿನ ಸವಾರನೂ ಷಡಕ್ಷರಪ್ಪನ ಪುರಾವೆಯೂ

"ಆ ಮುಸುಕಿನ ಸವಾರ ಯಾರು ಅಂತ ಸೋಮವಾರದೊಳಗೆ ಪುರಾವೆ ಸಮೇತ ತೋರಿಸದಿದ್ರೆ ನನ್ನ ಹೆಸರು ಷಡಕ್ಷರಪ್ಪನೇ ಅಲ್ಲ!"

ಐವತ್ತೆಂಟನೇ ಇಸವಿಯ ಒಂದು ಶನಿವಾರ, ಶಿವಮೊಗ್ಗದಿಂದ ಭದ್ರಾವತಿಗೆ ಹೊರಟ ಬೆಳಗಿನ ರೈಲಿನಲ್ಲಿ ಈ ಭೀಷಣ ಪ್ರತಿಜ್ಞೆ ಮೊಳಗಿತು. ಡಬ್ಬಿಯಲ್ಲಿದ್ದವರು ಒಂದೇ ಕಾರ್ಖಾನೆಯ ಎಂಟು ಗುಮಾಸ್ತರು. ವಾರಪತ್ರಿಕೆಯೊಂದರಲ್ಲಿ ಬರುತ್ತಿದ್ದ 'ನವದುರ್ಗದ ಸಿಂಹಾಸನ' ಎಂಬ ಧಾರಾವಾಹಿ ಎಂಟೂ ಜನರಿಗೆ ಹುಚ್ಚು ಹಿಡಿಸಿತ್ತು. ಮಾಯಾವಿಗಳು, ಮಾತಾಡುವ ಕತ್ತಿ, ಹಾರುವ ಕುದುರೆ! ಎಲ್ಲಕ್ಕಿಂತ ಮಿಗಿಲಾಗಿ, ಮುಖ ತೋರಿಸದೆ ದಂಡುಗಳನ್ನೇ ಓಡಿಸುವ ಆ ಸವಾರ! ಅವನು ಮಂತ್ರಿಯ ಮಗ ಎಂದು ಹಾಲಸ್ವಾಮಿಯ ವಾದ. ಸತ್ತುಹೋದ ರಾಜನೇ ಎಂದು ಷಡಕ್ಷರಪ್ಪನ ಸಿದ್ಧಾಂತ.

ಪಣ ಸಾಮಾನ್ಯದ್ದಲ್ಲ. ಎಂಟು ಜನ ಸೇರಿ ಗುರುವಾರ ಸ್ಟೇಷನ್ನಿನಲ್ಲಿ ಕೊಳ್ಳುತ್ತಿದ್ದುದು ಒಂದೇ ಪ್ರತಿ. ಅದನ್ನು ಮೊದಲು ಓದುವ ಹಕ್ಕು ಷಡಕ್ಷರಪ್ಪನದು. ಸೋತರೆ ಆ ಹಕ್ಕು ಒಂದು ವರ್ಷ ಹಾಲಸ್ವಾಮಿಗೆ!

ಎಂಟೂ ಕೈ ದಾಟಿ, ವಡೆಯ ಎಣ್ಣೆ ಮೆತ್ತಿಕೊಂಡ ಪತ್ರಿಕೆ ಕೊನೆಗೆ ಸೇರುತ್ತಿದ್ದುದು ಷಡಕ್ಷರಪ್ಪನ ಹೆಂಡತಿ ಜಗದಾಂಬಾಗೆ. ಆಕೆ ಕಥೆಯ ಹಾಳೆಗಳನ್ನಷ್ಟೇ ಜೋಪಾನವಾಗಿ ಬಿಡಿಸಿ, ದಬ್ಬಣ, ಗೋಣಿದಾರ ಹಿಡಿದು ಪುಸ್ತಕ ಹೊಲಿಯುತ್ತಿದ್ದಳು.

ಭಾನುವಾರ ಜಗದಾಂಬಾ ಹೊಳಲೂರಿನ ತವರಿಗೆ ಹೋಗಿದ್ದಳು. ಷಡಕ್ಷರಪ್ಪ ಹೊಲಿಗೆ ಬಿಚ್ಚಿ, ಹಾಳೆಗಳನ್ನು ನಡುಮನೆಯ ತುಂಬ ಹರಡಿ ಸಂಶೋಧನೆಗೆ ಕುಳಿತ. ಹಿತ್ತಿಲ ಬಾಗಿಲಿಂದ ಬೀಸಿದ ಒಂದೇ ಗಾಳಿಗೆ ನವದುರ್ಗ ಚೆಲ್ಲಾಪಿಲ್ಲಿ! ಕಂತಿನ ಸಂಖ್ಯೆ ಇದ್ದುದು ಪ್ರತಿ ಕಂತಿನ ಮೊದಲ ಹಾಳೆಯಲ್ಲಿ ಮಾತ್ರ. "ಜೋಡಿಸೋದೇನು ಬ್ರಹ್ಮವಿದ್ಯೆಯೇ?" ಎಂದುಕೊಂಡು ಕೈಗೆ ಸಿಕ್ಕ ಹಾಗೆ ಒಟ್ಟಿ ಹೊಲಿದ. ಆಮೇಲೆ ಓದಿದರೆ, ಅಬ್ಬಾ! ರಾಜನ ಚಿತೆ ಉರಿದ ಮರುಹಾಳೆಯಲ್ಲೇ ರಾಜ ತಣ್ಣಗೆ ಮಜ್ಜಿಗೆ ಕುಡಿಯುತ್ತಿದ್ದಾನೆ!

ಸೋಮವಾರ ರೈಲಿನಲ್ಲಿ ಅದನ್ನು ಗಟ್ಟಿಯಾಗಿ ಓದಿದಾಗ, ಹಳೆಯ ಕಂತುಗಳ ಕ್ರಮ ಯಾರಿಗೂ ನೆನಪಿರದೆ ಇಡೀ ಡಬ್ಬಿ ಒಪ್ಪಿಬಿಟ್ಟಿತು. ಮಧ್ಯಾಹ್ನದೊಳಗೆ ಕಾರ್ಖಾನೆಯಲ್ಲೆಲ್ಲ ಅದೇ ಸುದ್ದಿ. ಕೆಲಸಗಾರರ ಬಾಯಲ್ಲಿ ತಮಿಳಿನಲ್ಲೂ ತೆಲುಗಿನಲ್ಲೂ ರಾಜ ಬದುಕಿಬಿಟ್ಟ! ಹೆಡ್‌ಗುಮಾಸ್ತರೇ ಕಾಫಿ ಕುಡಿಸಿ, "ಎಂಥಾ ತಲೆ ಮಾರಾಯ ನಿಂದು!" ಎಂದರು. ಮೂರು ದಿನ ಷಡಕ್ಷರಪ್ಪನ ಕಾಲು ನೆಲಕ್ಕೆ ತಾಗಲಿಲ್ಲ.

ಬುಧವಾರ ಸಂಜೆ ತವರಿಂದ ಬಂದ ಜಗದಾಂಬಾ ಪುಸ್ತಕ ತೆರೆದವಳೇ ಹುಬ್ಬೇರಿಸಿದಳು. "ಇದೇನ್ರೀ, ಚಿತೆ ಆದ್ಮೇಲೆ ಮಜ್ಜಿಗೆ?"

"ಅದೇ ಕಣೇ ರಹಸ್ಯ!"

"ನಿಮ್ಮ ತಲೆ! ಹಿಂದಿನ ಜಾಹೀರಾತು ನೋಡಿ. ಚಿತೆ ಹಾಳೆ ಹಿಂದೆ ದೀಪಾವಳಿ ಪಟಾಕಿ. ಮಜ್ಜಿಗೆ ಹಾಳೆ ಹಿಂದೆ ಯುಗಾದಿ ಸೀರೆ. ಯುಗಾದೀಲಿ ಮಜ್ಜಿಗೆ ಕುಡಿದೋನು ದೀಪಾವಳೀಲಿ ಸತ್ತ. ಅದರಲ್ಲಿ ರಹಸ್ಯ ಏನ್ ಬಂತು?"

ಷಡಕ್ಷರಪ್ಪ ಎರಡೂ ಹಾಳೆ ತಿರುಗಿಸಿ ತಿರುಗಿಸಿ ನೋಡಿದ. "ಹಾಗಾದ್ರೆ ಸವಾರ ಯಾರೇ?"

"ಸವಾರ ಎಲ್ಲಿಂದ ಬಂದ? ಅವಳು ಮಹಾರಾಣಿ."

"ಏನು ಪುರಾವೆ?"

"ಛತ್ರದಿಂದ ತಪ್ಪಿಸ್ಕೊಂಡು ಓಡ್ತಾಳಲ್ಲ, ಆಗ ನೋಡಿ. ಬಾಗಿಲಿಗೆ ಶತ್ರುಗಳು ಬಂದಿದಾರೆ. ಆದ್ರೂ ಒಲೆ ಆರಿಸಿ, ಹಾಲಿಗೆ ಮುಚ್ಚಳ ಮುಚ್ಚಿ ಕುದುರೆ ಹತ್ತಿದ್ಲು. ಅದು ಗಂಡಸು ಮಾಡೋ ಕೆಲಸವೇನ್ರೀ?"

ಎಂಟು ಗಂಡಸರು ಕತ್ತಿಯ ಹಿಡಿ, ಕುದುರೆಯ ಬಣ್ಣ, ಅಂಗೈಯ ಮಚ್ಚೆಗಳನ್ನೆಲ್ಲ ಜಾಲಾಡಿದ್ದರು. ಹಾಲಿನ ಪಾತ್ರೆಯನ್ನು ಒಬ್ಬನೂ ನೋಡಿರಲಿಲ್ಲ! ಷಡಕ್ಷರಪ್ಪನಿಗೆ ಹೆಂಡತಿಯ ಮೇಲೆ ಅಭಿಮಾನ ಉಕ್ಕಿ ಬಂತು. ಬಾಯಲ್ಲಿ ಮಾತ್ರ, "ನಾಳೆ ನೋಡೋಣ" ಎಂದ.

ಗುರುವಾರ ರೈಲಿನಲ್ಲಿ ಪತ್ರಿಕೆ ಬಿಚ್ಚಿದ. ಮುಸುಕು ಜಾರಿತು. ಮಹಾರಾಣಿ!

"ಗೆದ್ದೋರು ಯಾರೂ ಇಲ್ವಲ್ಲೋ!" ಎಂದು ಹಾಲಸ್ವಾಮಿ ಹಣೆ ಚಚ್ಚಿಕೊಂಡ.

"ಒಬ್ರು ಇದಾರೆ" ಎಂದ ಷಡಕ್ಷರಪ್ಪ. ಗಾಳಿ, ಗೋಣಿದಾರ, ಪಟಾಕಿ, ಹಾಲು, ಎಲ್ಲವನ್ನೂ ಒಪ್ಪಿಕೊಂಡ. ಡಬ್ಬಿ ಬಿದ್ದು ಬಿದ್ದು ನಕ್ಕಿತು. "ನಾವು ಎಂಟೂ ಜನ ಓದಿದ್ದು ದಂಡ. ನಿಜವಾಗಿ ಓದಿದೋರು ಅವರು" ಎಂದ ಹಾಲಸ್ವಾಮಿ, ಮೊದಲು ಓದುವ ಹಕ್ಕು ಒಂದು ವರ್ಷ ಜಗದಾಂಬಾ ಅವರಿಗೇ ಸಲ್ಲಬೇಕೆಂದು ತೀರ್ಪು ಕೊಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮುಂದಿನ ಗುರುವಾರ ಸಂಜೆ ಷಡಕ್ಷರಪ್ಪ ಒಂದು ಪುಟವನ್ನೂ ಇಣುಕಿ ನೋಡದೆ ಪತ್ರಿಕೆಯನ್ನು ಮನೆಗೆ ತಂದ. ಜಗದಾಂಬಾ ಕುಳಿತು ನಿಧಾನವಾಗಿ ಓದಿದಳು. ಒಮ್ಮೆ "ಅಯ್ಯೋ!" ಎಂದಳು, ಒಮ್ಮೆ ನಕ್ಕಳು. ಎದುರಿಗೆ ಕೂತ ಷಡಕ್ಷರಪ್ಪ ಪುಟ ತಿರುಗಿದಾಗಲೆಲ್ಲ ಕತ್ತು ಉದ್ದ ಮಾಡಿದ. ಓದು ಮುಗಿದದ್ದೇ ಕೈ ಚಾಚಿದ.

ಆಕೆ ಪತ್ರಿಕೆಯನ್ನು ಸೆರಗಿನಡಿ ಸೇರಿಸಿ ಚಪ್ಪಲಿ ಮೆಟ್ಟಿದಳು.

"ಎಲ್ಲಿಗೇ?"

"ಹಾಲಸ್ವಾಮಿಯವರ ಮನೆಯವರು ಕಾಯ್ತಿದಾರೆ. ಅವರಾದ್ಮೇಲೆ ಪದ್ಮಮ್ಮ. ನಿಮ್ಮ ರೈಲು ಗೆಳೆಯರ ಏಳೂ ಮನೆ ಹೆಂಗಸರಿಗೆ ಹೇಳಿ ಕಳಿಸಿದೀನಿ. ಅವರದೆಲ್ಲ ಮುಗೀಲಿ, ಆಮೇಲೆ ಗಂಡಸರ ಸರದಿ!"