ಟ್ಯಾಬಿನೊಳಗೆ ನಮ್ಮ ಮನೆಯಾಕೆ

ಬರೆಯುವ ಕೈಯೂ ತನ್ನದೇ, ಅಳಿಸುವ ಕೈಯೂ ತನ್ನದೇ ಆದ ಶಿವನಿಗೆ ಮೊದಲ ಶರಣು.

ವಯಸ್ಸಾದವರು ಹೊಸ ವಿದ್ಯೆ ಕಲಿಯಲು ಕೂತರೆ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಾನು ನಾರಾಯಣಪೇಟೆಯಲ್ಲಿ ಸೀರೆಯ ದಡಿಗೆ, ಸೆರಗಿಗೆ ನಕ್ಷೆ ಬರೆದು ಬಾಳಿದವನು. ಚೌಕಳಿ ಕಾಗದ, ಪೆನ್ಸಿಲ್ಲು, ರಬ್ಬರು, ಇಷ್ಟೇ ನನ್ನ ಸಂಪತ್ತು. ತೆಲಂಗಾಣ ರಾಜ್ಯ ಆಯಿತು, ಆಮೇಲೆ ನಮ್ಮೂರೇ ಜಿಲ್ಲೆ ಆಯಿತು, ನಕ್ಷೆಗಳೆಲ್ಲ ಕಾಗದ ಬಿಟ್ಟು ಟ್ಯಾಬಿಗೆ ಹೋದವು. ಆಗಲೂ ನಾನು ಕಲಿಯಲಿಲ್ಲ. ಮನೆಯಾಕೆ ತೀರಿಕೊಂಡ ಮೇಲೆ ಕಲಿತೆ.

ಕಾರಣ ಇಷ್ಟೆ. ಆಕೆಗೆ ಹಲ್ಲಿನ ಮೇಲೊಂದು ಹಲ್ಲು. ನಕ್ಕರೆ ಬಾಯಿ ಒಂದು ಮಗ್ಗುಲಿಗೆ ಸೊಟ್ಟಾಗುತ್ತಿತ್ತು. ಯಾರಾದರೂ ಫೋಟೋ ತೆಗೆಯುತ್ತಾರೆ ಅಂದರೆ ಸಾಕು, ನಾಚಿ ಸೆರಗು ಬಾಯಿಗೆ ಒತ್ತಿಕೊಳ್ಳುವಳು. ಈಗ ಹುಡುಕಿದರೆ ಎಲ್ಲ ಫೋಟೋದಲ್ಲೂ ಎರಡು ಕಣ್ಣು, ಒಂದು ಮೂಗುತಿ, ಕೆಳಗೆ ಸೆರಗು. ಆ ನಗು ನನ್ನ ತಲೆಯೊಳಗೆ ಮಾತ್ರ ಉಳಿದಿತ್ತು. ಅದೂ ಬರಬರುತ್ತ ಮಸುಕಾಗುತ್ತಿತ್ತು. ಆಕೆಯ ವರ್ಷದ ಪೂಜೆ ಬರುವುದರೊಳಗೆ ಅದನ್ನು ಬರೆದಿಡಬೇಕೆಂದು ಕೂತೆ. ಕಾಗದದ ಮೇಲೆ ಅಳಿಸಿ ಅಳಿಸಿ ಬಾಯಿ ಇರಬೇಕಾದಲ್ಲಿ ತೂತು ಬಿತ್ತು.

ಸೊಸೆ ಗದ್ವಾಲದ ಮಗಳು, ಟ್ಯಾಬಿನಲ್ಲೇ ಸೀರೆ ನಕ್ಷೆ ಬರೆಯುವಾಕೆ. ನೋಡಿ ನೋಡಿ ಟ್ಯಾಬು ತಂದು ನನ್ನ ಮುಂದೆ ಇಟ್ಟಳು.

“ಮಾವಾರ, ಇದರಾಗ ಬರೀರಿ. ಎಷ್ಟ್ ಅಳಿಸಿದ್ರೂ ತೂತು ಬೀಳಂಗಿಲ್ಲ.”

೧. ಮೂರು ಬೆರಳು

ಹೊಸ ಉಪಕರಣ ಮುಟ್ಟುವ ಮುಂಚೆ ಪೂಜೆ ಮಾಡುವುದು ನಮ್ಮ ಪದ್ಧತಿ. ಮಗ್ಗಕ್ಕೂ ಮಾಡುತ್ತೇವೆ, ಲಾಳಿಗೂ ಮಾಡುತ್ತೇವೆ. ಟ್ಯಾಬೇನು ಪಾಪ ಮಾಡಿತ್ತು? ಸ್ನಾನ ಮಾಡಿ ಬಂದು, ಮೂರು ಬೆರಳಿಗೆ ವಿಭೂತಿ ತೀಡಿಕೊಂಡು, ಗಾಜಿನ ಮೇಲೆ ಚೆನ್ನಾಗಿ ಹತ್ತಲಿ ಎಂದು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಎಳೆದೆ. ಅದರಲ್ಲಿ ಸೊಸೆ ಬರೆದಿಟ್ಟ ಸೆರಗಿನ ನಕ್ಷೆ ಇತ್ತು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ನಕ್ಷೆ ಮಾಯ! ಬೆಳ್ಳಗೆ ಗಾಜು, ಅದರ ಮೇಲೆ ನನ್ನ ವಿಭೂತಿ.

“ಯವ್ವಾ, ನಿನ್ನ ಸೆರಗು ಹೋತಲ್ಲ!” ಅಂತ ಕೂಗಿದೆ. ಸೊಸೆ ಗಾಬರಿಯಾಗಿ ಮೊದಲು ತನ್ನ ಸೆರಗು ನೋಡಿಕೊಂಡಳು, ಆಮೇಲೆ ಟ್ಯಾಬು ನೋಡಿದಳು.

“ಮೂರು ಬೆರಳು ಹಿಂಗ ಎಳದ್ರ ಎಲ್ಲಾ ಅಳಿಸು ಅಂತ ಅರ್ಥರೀ ಮಾವಾರ. ಹೆದರಬ್ಯಾಡ್ರಿ. ಎರಡು ಬೆರಳು ತಟ್ಟಿದ್ರ ಹೋದದ್ದು ತಿರುಗಿ ಬರ್ತೈತಿ.”

ಎರಡು ಬೆರಳು ತಟ್ಟಿದಳು. ಸೆರಗು ಬಂತು. ನಾನು ನನ್ನ ಎರಡು ಬೆರಳನ್ನು ನೋಡಿದೆ, ಆಕೆಯ ಫೋಟೋದ ಕಡೆ ನೋಡಿದೆ. ಸೊಸೆಗೆ ತಿಳಿಯಿತು.

“ಇದು ಟ್ಯಾಬಿನಾಗ ಅಷ್ಟರೀ ಮಾವಾರ,” ಅಂದಳು ಮೆಲ್ಲಗೆ.

೨. ಹಸಿರು ಮುಖ

ಫೋಟೋದ ಮೇಲೆ ಪೆನ್ನು ಒತ್ತಿದರೆ ಅಲ್ಲಿನ ಬಣ್ಣವನ್ನು ಎತ್ತಿಕೊಳ್ಳುವ ಗುಣ ಆ ಟ್ಯಾಬಿಗಿದೆ. ಶಿವನೇ, ಎಂಥ ಸುಲಭ ಎಂದು ಆಕೆಯ ಕೆನ್ನೆಯ ಮೇಲೆ ಒತ್ತಿದೆ. ಬಂದ ಬಣ್ಣವನ್ನು ಮುಖದ ತುಂಬ ಬಳಿದೆ. ಆದರೆ ಆ ಫೋಟೋ ತೆಗೆದದ್ದು ಗದ್ವಾಲದ ಮದುವೆಯಲ್ಲಿ, ಹಸಿರು ಶಾಮಿಯಾನದ ಕೆಳಗೆ.

ಅವತ್ತೇ ಆಕೆಯ ಅಕ್ಕ ಮಕ್ತಲ್‌ನಿಂದ ಬಂದರು. ಬಾಯಿ ಜೋರು, ಮನಸ್ಸು ಬೆಣ್ಣೆ. ಟ್ಯಾಬು ನೋಡಿದವರೇ ಹಣೆ ಬಡಿದುಕೊಂಡರು.

“ಯಪ್ಪಾ, ಏನ್ ಮಾಡೀಯೋ ನನ್ನ ತಂಗೀನ! ಹಸಿ ಮೆಣಸಿನಕಾಯಿ ಆಗ್ಯಾಳಲ್ಲ!”

“ಬಣ್ಣ ನೆನಪಾಗವಲ್ಲದರೀ ಅಕ್ಕಾರ.”

ಅವರು ಬಳೆ ಮೇಲಕ್ಕೆ ಸರಿಸಿದರು. ಆಮೇಲೆ ತೋಳು ಮುಂದೆ ಚಾಚಿದರು. “ನಂದೂ ಆಕಿದೂ ಒಂದ ಬಣ್ಣ. ಪೆನ್ನು ಇಲ್ಲಿ ಹಚ್ಚು, ಹೀರ್ಕೊಳ್ಳಲಿ.”

ನಾನೂ ಭಕ್ತಿಯಿಂದ ಹಚ್ಚಿದೆ. ಇಬ್ಬರೂ ಉಸಿರು ಬಿಗಿಹಿಡಿದು ಕಾಯುತ್ತ ಕೂತೆವು. ಸೊಸೆ ಒಳಗಿನಿಂದ ಬಂದು ನೋಡಿ, ನಗು ನುಂಗಿಕೊಂಡು, ಆ ತೋಳಿನ ಫೋಟೋ ತೆಗೆದಳು. ಅದರಿಂದ ಬಣ್ಣ ಎತ್ತಿಕೊಟ್ಟಳು. ಅದೇ ಬಣ್ಣ! ನಾನು ಆಗಲೇ ಅದನ್ನು ಕೆನ್ನೆಗೆ ಬಳಿಯಲು ಕೂತೆ. ಅಕ್ಕ ಮಾತ್ರ ತಮ್ಮ ತೋಳನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

“ಯವ್ವಾ, ಇಲ್ಲೇನರ ಬಣ್ಣ ಕಡಿಮಿ ಆಗೇತೇನು ನೋಡು.”

೩. ಅರ್ಧ ಮುಖ

ಸೆರಗಿನ ಹೂವಾಗಲಿ, ಗೋಪುರವಾಗಲಿ, ನಾವು ಅರ್ಧ ಮಾತ್ರ ಬರೆಯುತ್ತೇವೆ. ಇನ್ನರ್ಧವನ್ನು ಮಗ್ಗ ತಾನೇ ತಿರುಗಿಸಿ ನೇಯುತ್ತದೆ. ಕೈಗೆ ಅದೇ ರೂಢಿ. ಹಾಗಾಗಿ ಆಕೆಯ ಮುಖವನ್ನೂ ನಡುಮೂಗಿನ ತನಕ ಬರೆದೆ. ಒಂದು ಕಣ್ಣು, ಮೂಗುತಿ, ಅರ್ಧ ಬಾಯಿ, ಆ ಹಲ್ಲಿನ ಮೇಲಿನ ಹಲ್ಲು. ಬರೆದು ಪೆನ್ನು ಕೆಳಗಿಟ್ಟು ಕೈಕಟ್ಟಿ ಕೂತೆ.

“ಇನ್ನರ್ಧಾ ಎಲ್ಲೈತ್ರಿ ಮಾವಾರ?”

“ಅದು ಮಗ್ಗದ ಕೆಲಸ ಅಲ್ಲೇನವ್ವಾ?”

ಸೊಸೆ ನಗುತ್ತ ಗೋಡೆಗೆ ಒರಗಿದಳು. ಆಮೇಲೆ ಏನೋ ಒತ್ತಿದಳು. ಟ್ಯಾಬು ಕನ್ನಡಿ ಹಿಡಿದಂತೆ ಇನ್ನರ್ಧವನ್ನೂ ಬರೆದುಬಿಟ್ಟಿತು. ಮೂಗುತಿ ಎರಡು. ಮೇಲುಹಲ್ಲು ಎರಡು. ಬಾಯಿ ಎರಡೂ ಕಡೆಗೆ ಸೊಟ್ಟ.

“ತಗೀವ್ವಾ, ತಗಿ,” ಅಂದೆ. “ಅರ್ಧ ಬಾಯಿಗೇ ನನ್ನ ಕಡೆ ಜವಾಬ್ ಇರತಿದ್ದಿಲ್ಲ.”

ತೆಗೆದಳು. ಆದರೆ ಇನ್ನರ್ಧ ನನಗೆ ಬರಲೊಲ್ಲದು. ನಾನು ನಕ್ಷೆ ಬರೆಯುವಾಗ ಆಕೆ ಯಾವಾಗಲೂ ನನ್ನ ಎಡಕ್ಕೇ ಕೂತು ನೂಲು ಸುತ್ತುತ್ತಿದ್ದಳು. ಇಷ್ಟು ವರ್ಷ ನಾನು ಕಂಡದ್ದು ಒಂದೇ ಮಗ್ಗುಲ ಮುಖ! ಕಡೆಗೆ ಶಿವನನ್ನು ನೆನೆದು, ಟ್ಯಾಬು ಎತ್ತಿಕೊಂಡು ಹೋಗಿ ಆಕೆಯ ಜಾಗದ ಆ ಕಡೆಗೆ ಕೂತೆ. ಖಾಲಿ ಚಾಪೆಯನ್ನು ನೋಡುತ್ತ ಬರೆದೆ. ಬಂತು. ಹಾದಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯವರು ಬಾಗಿಲಲ್ಲಿ ಇಣುಕಿ ಸೊಸೆಯನ್ನು ಕೇಳಿದರು: “ನಿಮ್ಮ ಮಾವಾರು ಚಾಪಿ ಚಿತ್ರ ಬರಿಯಾಕ ಇಷ್ಟು ಅಳಬೇಕೇನವ್ವಾ?”

೪. ಫ್ಲೆಕ್ಸ್

ಪೂಜೆಗೆ ಅಚ್ಚು ಹಾಕಿಸಲು ಚಿತ್ರವನ್ನು ಬಜಾರಿನ ಫ್ಲೆಕ್ಸ್ ಅಂಗಡಿಯವನಿಗೆ ಕೊಟ್ಟೆ. ಅವನು ದಿನಾ ನಾಯಕರ ಮುಖ ಬೆಳ್ಳಗೆ ಮಾಡಿ ಕೈ ಪಳಗಿದವನು. “ಬಾಗುಂದಾ ಪೆದ್ದಾಯನಾ?” ಅಂತ, ಅಂದರೆ ಚೆನ್ನಾಗಿದೆಯಾ ಹಿರಿಯರೇ ಅಂತ, ತೆಲುಗಿನಲ್ಲಿ ಕೇಳಿ ಹೆಮ್ಮೆಯಿಂದ ಬಿಚ್ಚಿ ತೋರಿಸಿದ. ಚೆನ್ನಾಗಿಯೇನೋ ಇತ್ತು. ಮುಖ ಹಾಲಿನ ಬಣ್ಣ, ಬಾಯಿ ನೆಟ್ಟಗೆ, ಮೇಲುಹಲ್ಲು ಮಾಯ, ಕೆಳಗೆ ಯಾರವೋ ಮುಗಿದ ಎರಡು ಕೈ.

ಹೊತ್ತಾಗಿತ್ತು, ಹಾಗೇ ತಂದೆ. ಅಕ್ಕ ಒಂದೇ ಸಲ ನೋಡಿದರು.

“ಯಾವ ವಾರ್ಡಿಗೆ ನಿಂತಾಳಪ್ಪಾ ಈಕಿ?”

೫. ಎರಡು ಬೆರಳು

ಫ್ಲೆಕ್ಸ್ ಮಡಚಿ ಅಟ್ಟಕ್ಕೆ ಹೋಯಿತು. ಪೂಜೆಯ ಮಣೆಯ ಮೇಲೆ ಟ್ಯಾಬನ್ನೇ ಒರಗಿಸಿ ಇಟ್ಟೆವು. ಸೆರಗಿಲ್ಲದ ಬಾಯಿ, ಸೊಟ್ಟ ನಗು, ಹಲ್ಲಿನ ಮೇಲೆ ಹಲ್ಲು. ಬಂದ ನೆಂಟರು ನೋಡಿದವರೆಲ್ಲ ಒಂದು ಗಳಿಗೆ ನಿಂತರು. ಅಕ್ಕ ಅದರ ಮುಂದೆ ಕೂತವರು ಏಳಲೇ ಇಲ್ಲ. ಸೊಸೆ ಹೋಳಿಗೆಯ ಹಂಚಿನ ಮುಂದಿದ್ದಳು.

ಅಯ್ಯನೋರು ಬಂದು ಮಂತ್ರ ಶುರು ಮಾಡಿದರು. ನಾನು ಕಣ್ಣು ಮುಚ್ಚಿದೆ. ಅಲ್ಲೇ ಆದದ್ದು ಎಡವಟ್ಟು. ಅವರು ಮೂರು ಬೆರಳಿಗೆ ವಿಭೂತಿ ತೀಡಿಕೊಂಡು, ಗಾಜಿಗೆ ಹತ್ತವಲ್ಲದು ಎಂದು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಎಳೆದರು.

“ಅಯ್ಯಯ್ಯೋ!” ಎಂದರು ಎಲ್ಲರೂ. ಕಣ್ಣು ತೆರೆದರೆ ಬೆಳ್ಳಗೆ ಗಾಜು.

ಅಯ್ಯನೋರು ಕೈ ಹಿಂದಕ್ಕೆ ಎಳೆದುಕೊಂಡರು. “ನಾ ಏನೂ ಮಾಡಿಲ್ಲಪ್ಪಾ! ವಿಭೂತಿ ಹಚ್ಚೀನಿ ಅಷ್ಟ! ಒಮ್ಮೆ ಲಿಂಗೈಕ್ಯ ಆದವರು ಮತ್ತ ಹೆಂಗ ಆದರು?”

ಯಾರೂ ನಗಲಿಲ್ಲ. ಅಕ್ಕ ಸೆರಗು ಬಾಯಿಗೆ ಒತ್ತಿ ಅಳಲು ಶುರು ಮಾಡಿದ್ದರು. ನಾನು ತೆವಳಿಕೊಂಡು ಮುಂದೆ ಹೋದೆ. ಶಿವಾ, ಇಷ್ಟಾದರೂ ನನ್ನ ಕೈಯಲ್ಲಿ ಇರಲಿ ಎಂದು ಎರಡು ಬೆರಳು ಕೂಡಿಸಿ ಗಾಜಿನ ಮೇಲೆ ಮೆಲ್ಲಗೆ ತಟ್ಟಿದೆ.

ಬಂದಳು. ವಿಭೂತಿಯ ಮೂರು ಗೆರೆಯ ಹಿಂದೆ, ಹಲ್ಲು ಬಿಟ್ಟು ನಗುತ್ತ.

ಅಕ್ಕ ಕಣ್ಣೊರೆಸಿಕೊಂಡು ಗಟ್ಟಿಯಾಗಿ ಅಂದರು: “ಬದುಕಿದ್ದಾಗೂ ಹಿಂಗ ಮಾಡಾಕಿ! ಸಿಟ್ಟು ಬಂದ್ರ ಹೇಳದ ಕೇಳದ ಮಕ್ತಲ್ ಬಸ್ ಹತ್ತಿ ನಮ್ಮ ಮನಿಗೆ ಬರಾಕಿ. ಈತ ಬಂದು ಬಾಗಲಾ ಮೆಲ್ಲಕ ತಟ್ಟಿದ್ರ ಸಾಕು, ಹಲ್ಲು ಕಿಸಕೊಂಡು ಇವನ ಹಿಂದ ಹೋಗಾಕಿ!”

ಮನೆಯೆಲ್ಲ ನಕ್ಕಿತು. ಅಯ್ಯನೋರೂ ನಕ್ಕರು. ಪೂಜೆಯಲ್ಲಿ ನಗಬಾರದೆಂದು ಹೆಣ್ಣುಮಕ್ಕಳೆಲ್ಲ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಅಷ್ಟು ಜನರ ನಡುವೆ ಬಾಯಿ ಮುಚ್ಚಿಕೊಳ್ಳದೆ ನಗುತ್ತಿದ್ದವಳು ಆಕೆ ಒಬ್ಬಳೇ.

ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆಲ್ಲ ಶಿವ ಒಳ್ಳೆಯದು ಮಾಡಲಿ. ನಿಮ್ಮವರ ನಗು ನಿಮ್ಮ ಕಣ್ಣ ಮುಂದೆ ಬಹುಕಾಲ ಇರಲಿ.