ಮೇಷ್ಟ್ರ ‘ಮೂ.’

ಎಲ್ಲಕ್ಕೂ ಕಾರಣ ಅಲ್ಪವಿರಾಮನ ಸೋಮಾರಿತನ. ಅಲ್ಪವಿರಾಮ ಎಂಬುದು ಮುದ್ರಣಾಲಯದಲ್ಲಿ ಕರಡು ತಿದ್ದುವವನಿಗೆ ಜೊತೆಯವರು ಅಂಟಿಸಿದ ಹೆಸರು. ಅವನ ಕಾಲೇಜಿನ ಮೇಷ್ಟ್ರು, ಎಂಬತ್ತು ದಾಟಿದವರು, ಬಹಳ ಹಿಂದಿನ ಒಬ್ಬ ಕ್ರೈಸ್ತ ಸಂತನ ತತ್ತ್ವದ ಮೇಲೆ ಪುಸ್ತಕ ಬರೆದಿದ್ದರು. ಮನುಷ್ಯ ಮೂಲಪಾಪದೊಂದಿಗೇ ಹುಟ್ಟುತ್ತಾನೆ, ದೇವರ ಕೃಪೆಯಿಲ್ಲದೆ ಅದು ತೊಲಗದು ಎಂಬುದು ಆ ಸಂತನ ವಾದ. ಮೇಷ್ಟ್ರು ಮಾತ್ರ ಆ ಪದವನ್ನು ಎಂದೂ ಪೂರ್ತಿ ಬರೆದವರಲ್ಲ. ಕಪ್ಪುಹಲಗೆಯ ಮೇಲೂ ‘ಮೂ.’ ಎಂದು ಗೀಚಿ ಸುತ್ತ ಸೊನ್ನೆ ಎಳೆಯುತ್ತಿದ್ದರು. ಹಸ್ತಪ್ರತಿಯಲ್ಲೂ ಅದೇ ಚಾಳಿ. ಅಲ್ಪವಿರಾಮ ಕರಡಿನ ಅಂಚಿನಲ್ಲಿ ಅಕ್ಷರ ಜೋಡಿಸುವ ಹೆಂಗಸಿಗೆ ‘ಎಲ್ಲ ಕಡೆ ಪೂರ್ತಿ ಹಾಕಿ’ ಎಂದು ಬರೆದು ಕೈತೊಳೆದುಕೊಂಡಿದ್ದ.

ಬಿಡುಗಡೆಯ ದಿನ ಬೆಳಿಗ್ಗೆ ಇನ್ನೂರು ಪ್ರತಿ ಸಿದ್ಧವಾಗಿದ್ದವು. ಒಂದನ್ನೆತ್ತಿ ಮೂಸಿದ. ಮೂವತ್ತು ವರ್ಷದ ಹಿಂದಿನ ತರಗತಿ, ಮುಚ್ಚಲಾಗದ ಕಿಟಕಿ, ಸೀಮೆಸುಣ್ಣ ಮೆತ್ತಿದ ಮೇಷ್ಟ್ರ ಕೋಟು ಎಲ್ಲ ನೆನಪಾದವು. ಹೋದ ಕಾಲ ಎಲ್ಲಿಗೂ ಹೋಗಿಲ್ಲ, ನೆನಪಿನ ಮನೆಯಲ್ಲಿ ಒಂದು ಕೋಣೆ ಹಿಡಿದು ಕೂತಿದೆ ಎಂದು ಆ ಸಂತನ ವಿಚಾರವನ್ನು ಅವರು ವಿವರಿಸುತ್ತಿದ್ದ ದನಿಯೂ ಕೇಳಿಸಿತು. ಅವನಿಗೆ ಕಣ್ಣು ಒದ್ದೆಯಾಯಿತು. ಆ ಮೇಷ್ಟ್ರು ಅವನನ್ನು ಒಮ್ಮೆಯೂ ಹೊಗಳಿರಲಿಲ್ಲ. ಇವತ್ತಾದರೂ ಒಂದು ಒಳ್ಳೆಯ ಮಾತು ಸಿಗಬೇಕೆಂಬುದೇ ಅವನ ಆಸೆ.

ಹಾಳೆ ತಿರುವಿದ. ‘ಮನುಷ್ಯನು ಮೂಲವ್ಯಾಧಿಯೊಂದಿಗೇ ಹುಟ್ಟುತ್ತಾನೆ’ ಎಂದಿತ್ತು. ಮುಂದಿನ ಪುಟದಲ್ಲಿ, ಮೊದಲ ಗಂಡಹೆಂಡಿರು ಹಣ್ಣು ತಿಂದ ತಪ್ಪಿಗೆ ಇಡೀ ಕುಲಕ್ಕೇ ಮೂಲವ್ಯಾಧಿ ಅಂಟಿತ್ತು.

ಅವನು ಎಲ್ಲರನ್ನೂ ಕೂಗಿ ಕರೆದ. ಮಾಲೀಕರು ಕೊನೆಯಲ್ಲಿ ತಪ್ಪು-ಒಪ್ಪುಗಳ ಪಟ್ಟಿ ಹಾಕೋಣವೆಂದರು. ಬೈಂಡರ್ ಮಸಿ ಬಳಿಯೋಣವೆಂದ. ಯಂತ್ರ ನಡೆಸುವವನು ಹಾಗೇ ಬಿಡಲು ಹೇಳಿದ.

“ಕೂತಲ್ಲಿ ನೆಮ್ಮದಿ ಇಲ್ಲ ಅನ್ನೋದು ಎರಡಕ್ಕೂ ಒಂದೇ ಅಲ್ವಾ ಸಾರ್?”

ಕೊನೆಗೆ ‘ಮೂಲಪಾಪ’ ಎಂದು ಸಣ್ಣ ಚೀಟಿಗಳನ್ನು ಅಚ್ಚುಹಾಕಿ ಅಂಟಿಸುವುದೆಂದಾಯಿತು. ಕತ್ತರಿ ಹಿಡಿದು ಪಕ್ಕದಂಗಡಿಯ ದರ್ಜಿಯೂ ಕರೆಯದೆ ಬಂದ. ಮುಂದೆ ಬೇಕಾದೀತೆಂದು ಅವನು ಬಟ್ಟೆಗೆ ಬಿಡುವಂತೆ ಪ್ರತಿ ಚೀಟಿಗೂ ಅಂಚು ಬಿಟ್ಟು ಕತ್ತರಿಸಿದ್ದರಿಂದ ಅಕ್ಕಪಕ್ಕದ ದೇವರೂ ಕೃಪೆಯೂ ಮುಚ್ಚಿಹೋದವು. ಅವನ್ನೆಲ್ಲ ಕಿತ್ತು ಮತ್ತೆ ಕತ್ತರಿಸಬೇಕಾಯಿತು. ಗಡಿಯಾರ ನೋಡಿದಷ್ಟೂ ಅಲ್ಪವಿರಾಮನಿಗೆ ಬೆವರು. ಕಣ್ಣಿಗೆ ಬಿದ್ದ ಮೂಲವ್ಯಾಧಿ ಒಂದನ್ನೂ ಬಿಡಬೇಡಿ ಎಂದು ಎಲ್ಲರಿಗೂ ಆಜ್ಞೆ ಮಾಡಿದ. ಸಂಜೆಯ ಹೊತ್ತಿಗೆ ಒಂದೂ ಉಳಿಯಲಿಲ್ಲ.

ಸಭೆ ತುಂಬಿತ್ತು. ಮೇಷ್ಟ್ರು ಪುಸ್ತಕ ತೆರೆದು ತಮ್ಮ ಅರಿಕೆಯನ್ನು ಓದತೊಡಗಿದರು. ಆ ಪುಟವನ್ನು ಮಾತ್ರ ಅವರು ಶಿಷ್ಯನಿಗೆ ತೋರಿಸದೆ ನೇರವಾಗಿ ಅಕ್ಷರ ಜೋಡಿಸುವ ಹೆಂಗಸಿನ ಕೈಗೆ ಕೊಟ್ಟಿದ್ದರು.

“ಕೂತು ಬರೆಯಲಾಗದಂತೆ ಹತ್ತು ವರ್ಷ ಕಾಡಿದ ನನ್ನ ಮೂಲಪಾಪವನ್ನು ಎರಡೇ ವಾರದಲ್ಲಿ, ಬರೀ ಮುಲಾಮು ಹಚ್ಚಿ ಗುಣಪಡಿಸಿದ ವೈದ್ಯರಿಗೆ ನಾನು ಋಣಿ.”

ಸಭೆಯ ಮೊದಲ ಸಾಲಿನಲ್ಲಿ ಕೈಮುಗಿಯಲು ಎದ್ದಿದ್ದ ವೈದ್ಯರು ಹಾಗೇ ಕೂತರು. ಹಿಂದಿನ ಸಾಲುಗಳಲ್ಲಿ ನಗೆ ಹರಡಿತು. ಪಕ್ಕದಲ್ಲಿದ್ದ ಅಕ್ಷರ ಜೋಡಿಸುವ ಹೆಂಗಸು ಅಲ್ಪವಿರಾಮನ ಕಿವಿಯಲ್ಲಿ ಪಿಸುಗುಟ್ಟಿದಳು.

“ಅವರು ಪೂರ್ತಿ ಬರ್ದಿದ್ದು ಅಲ್ಲೊಂದೇ ಕಡೆ ಸಾರ್. ಅದನ್ನ ನೋಡ್ಕೊಂಡೇ ಮಿಕ್ಕಿದ್ದೆಲ್ಲ ಪೂರ್ತಿ ಮಾಡ್ದೆ.”

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಮುಂದಿನ ಸಾಲನ್ನೂ ಓದಿದರು.

“ಇಲ್ಲಿ ಒಂದಕ್ಷರವೂ ತಪ್ಪದಂತೆ ಕಾಯ್ದವನು ನನ್ನ ಶಿಷ್ಯ. ಮೂವತ್ತು ವರ್ಷ ಅವನನ್ನು ಹೊಗಳದೆ ಉಳಿದೆ. ಇಂದು ಎಲ್ಲರೆದುರು ಹೊಗಳುತ್ತೇನೆ.”

ಪುಸ್ತಕ ಮುಚ್ಚಿ, ಸಭೆಯಲ್ಲಿ ಅವನನ್ನು ಹುಡುಕಿದರು.

“ಎದ್ದು ನಿಲ್ಲಪ್ಪ. ಎಲ್ರೂ ನೋಡ್ಲಿ.”

ಅಲ್ಪವಿರಾಮ ಎದ್ದು ನಿಂತ.